ಡೆಸ್ಕ್‌ಟಾಪ್ ಐಕಾನ್‌ಗಳು ಎರಡು ಸೆಕೆಂಡಿಗೊಮ್ಮೆ ಮಿಣುಕುತ್ತಿವೆ, ಕ್ಲೌಡ್ ಬ್ಯಾಕಪ್ ಹಾಕಿದ ಮೇಲೆ ಶುರು

ಪ್ರಶ್ನೆ (ತೀರ್ಥಹಳ್ಳಿ):
ವಿಂಡೋಸ್ 11, 8 ಜಿಬಿ ರ್‍ಯಾಮ್, ಅಡಿಕೆ ಮಂಡಿ ಲೆಕ್ಕದ ಕಂಪ್ಯೂಟರ್. ಎರಡು ಕ್ಲೌಡ್ ಸಾಫ್ಟ್‌ವೇರ್ ಇವೆ, ಎರಡಕ್ಕೂ ಡೆಸ್ಕ್‌ಟಾಪ್ ಬ್ಯಾಕಪ್ ಕೊಟ್ಟಿದೆ. ಐಕಾನ್‌ಗಳೆಲ್ಲ ಒಮ್ಮೆಲೇ ಮಾಯವಾಗಿ ಮತ್ತೆ ಬರ್ತವೆ. ಮೂಲೆಯ ಹಸಿರು ಟಿಕ್ ಹೋಗಿ ನೀಲಿ ಬಾಣ, ಮತ್ತೆ ಟಿಕ್. ಐಕಾನ್ ಕ್ಯಾಶ್ (ವಿಂಡೋಸ್ ಕೂಡಿಟ್ಟ ಐಕಾನ್ ಚಿತ್ರಗಳು) ಅಳಿಸಿದ್ರೆ ಅರ್ಧ ಗಂಟೆ ಸರಿ, ಆಮೇಲೆ ಅದೇ ಕಥೆ. ಮಾನಿಟರ್ ಹೋಗಿರಬಹುದಾ?

ಉತ್ತರ (ಸಾಗರ):
ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ ಸರ್. ಅದೂ ಮಿಣುಕಿದರೆ ಡಿಸ್‌ಪ್ಲೇ ಡ್ರೈವರ್ ನೋಡಬೇಕು. ಅದು ನೆಟ್ಟಗೆ ನಿಂತು, ಹಿಂದಿನ ಐಕಾನ್ ಮಾತ್ರ ಕುಣಿದರೆ ಮಾನಿಟರ್ ಮುಟ್ಟಬೇಡಿ.

ಆಮೇಲೆ ಗಡಿಯಾರದ ಪಕ್ಕ ಇರುವ ಆ ಕ್ಲೌಡ್ ಸಾಫ್ಟ್‌ವೇರ್‌ಗಳ ಚಿತ್ರ ಒತ್ತಿ ಒಂದೊಂದೇ ಸಾಫ್ಟ್‌ವೇರ್ ಪೂರ್ತಿ ಮುಚ್ಚಿ. ತಾತ್ಕಾಲಿಕವಾಗಿ ನಿಲ್ಲಿಸುವ ಪಾಝ್ (Pause) ಸಾಲದು, ಕ್ವಿಟ್ ಕೊಡಿ. ಎರಡು ನಿಮಿಷ ಮಿಣುಕದಿದ್ದರೆ ಮೂಲ ಸಿಕ್ಕಿತು.

ಟಿಕ್, ಬಾಣ ಇವೆಲ್ಲ ಫೈಲಿನ ಐಕಾನ್ ಮೇಲೆ ಅಂಟಿಸಿದ ಇನ್ನೊಂದು ಪುಟ್ಟ ಚಿತ್ರ. ಫೈಲಿನ ಸ್ಥಿತಿ ಬದಲಾದಾಗೆಲ್ಲ ಸಿಂಕ್ ಸಾಫ್ಟ್‌ವೇರ್ (ಫೈಲನ್ನು ಕ್ಲೌಡ್ ಜೊತೆ ಹೊಂದಿಸುವಂಥದ್ದು) ಡೆಸ್ಕ್‌ಟಾಪ್ ತೋರಿಸುವ ವಿಂಡೋಸ್ ಎಕ್ಸ್‌ಪ್ಲೋರರ್‌ಗೆ ಸುದ್ದಿ ಮುಟ್ಟಿಸುತ್ತೆ, ಎಕ್ಸ್‌ಪ್ಲೋರರ್ ಮತ್ತೆ ಚಿತ್ರ ಬರೆಯುತ್ತೆ. ಅಂದರೆ ಯಾವುದೋ ಒಂದು ಫೈಲ್ ಬಿಡದೆ ಬದಲಾಗ್ತಿದೆ. ಅದನ್ನ ಹಿಡಿಯದೆ ಕ್ಯಾಶ್ ಎಷ್ಟು ಸಲ ಅಳಿಸಿದರೂ ಸೋರುವ ಹೆಂಚಿನ ಕೆಳಗೆ ಬಕೆಟ್ ಇಟ್ಟ ಹಾಗೆ.

ಸ್ಟಾರ್ಟ್‌ನಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ ತೆಗೀರಿ. ಡಿಸ್ಕ್ ಟ್ಯಾಬ್, ಅದರಲ್ಲಿ ಡಿಸ್ಕ್ ಆಕ್ಟಿವಿಟಿ, ರೈಟ್ (Write) ಕಾಲಂ ಮೇಲೆ ಒತ್ತಿ. ಡೆಸ್ಕ್‌ಟಾಪ್ ಒಳಗಿನ ಯಾವ ಫೈಲ್ ಮತ್ತೆ ಮತ್ತೆ ಮೇಲೆ ಬರುತ್ತೆ, ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ಟಾಸ್ಕ್ ಮ್ಯಾನೇಜರ್ ಅಲುಗಾಡಲಿಲ್ಲ. ಎರಡೂ ಕ್ವಿಟ್ ಮಾಡಿದಾಗ ಪೂರ್ತಿ ನಿಂತಿತು. ಪಟ್ಟಿಯ ಮೇಲೆ ಬರ್ತಿರೋದು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರ್‌ನ ಫೈಲ್‌ಗಳು. ಆ ಫೋಲ್ಡರ್ ಡೆಸ್ಕ್‌ಟಾಪ್ ಮೇಲೇ ಇದೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಓವರ್‌ಲೇ, ಅಂದ್ರೆ ಟಿಕ್, ಬಾಣದಂಥ ಮೇಲ್ಚಿತ್ರದ ಸಾಲು ಅಳಿಸಿ ಅಂತ ಒಬ್ಬರು ಹೇಳಿದ್ರು, ಮಾಡಲಾ?

ಉತ್ತರ (ಶಿವಮೊಗ್ಗ):
ಬೇಡ ಮಾರಾಯ್ರೆ. ಅದು ಬೇರೆ ಕಾಯಿಲೆಯ ಮದ್ದು. ವಿಂಡೋಸ್ ಇಂಥ ಮೇಲ್ಚಿತ್ರಗಳಿಗೆ 15 ಜಾಗ ಮಾತ್ರ ಕೊಡುತ್ತೆ, ಅದರಲ್ಲೂ ಕೆಲವು ತನಗೇ. ಹೆಸರಿನ ಅಕ್ಷರಾನುಕ್ರಮದಲ್ಲಿ ಮೊದಲು ಬಂದವರಿಗೆ ಜಾಗ. ಅದಕ್ಕೇ ಸಾಫ್ಟ್‌ವೇರ್‌ಗಳು ಹೆಸರಿನ ಮುಂದೆ ಖಾಲಿ ಸ್ಪೇಸ್ ಸೇರಿಸಿ ಮುಂದೆ ನುಗ್ಗುತ್ತವೆ. ಜಾಗ ಸಾಲದಿದ್ದರೆ ಟಿಕ್ ಕಾಣೋದಿಲ್ಲ ಅಷ್ಟೆ, ಮಿಣುಕೋದಿಲ್ಲ.

ನಿಮ್ಮಲ್ಲಿ ಆಗಬೇಕಾದ್ದು ಹೀಗೆ. ಎರಡೂ ಕ್ವಿಟ್ ಆಗಿರುವಾಗಲೇ ಟ್ಯಾಲಿ ಮುಚ್ಚಿ, ಮೊದಲು ಪೆನ್‌ಡ್ರೈವ್‌ಗೆ ಒಂದು ಪ್ರತಿ ತೆಗೆದಿಡಿ. ನಂತರ ಡೇಟಾ ಫೋಲ್ಡರ್ ಅನ್ನು ಸಿ ಅಥವಾ ಡಿ ಡ್ರೈವ್‌ನಲ್ಲಿ, ಸಿಂಕ್ ಇಲ್ಲದ ಜಾಗಕ್ಕೆ ಒಯ್ದು, ಟ್ಯಾಲಿಯಲ್ಲಿ ಡೇಟಾ ಪಾತ್ ಬದಲಿಸಿ. ನಡೆಯುತ್ತಿರುವ ಲೆಕ್ಕದ ಫೈಲನ್ನು ಸಿಂಕ್‌ನಲ್ಲಿ ಇಡಲೇಬಾರದು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಕೈಕೊಡುವ ನಮ್ಮ ಕಡೆ ಅರ್ಧ ಹೋದ ಫೈಲ್, ಎರಡೆರಡು ಪ್ರತಿ ಆಗಿ ಯಾವುದು ನಿಜವಾದ ಲೆಕ್ಕ ಅಂತಲೇ ತಿಳಿಯದೆ ಹೋಗಬಹುದು. ಐಕಾನ್‌ಗಿಂತ ದೊಡ್ಡ ಭಯ ಅದು. ಸಂಜೆ ಟ್ಯಾಲಿಯ ಬ್ಯಾಕಪ್ ಆಯ್ಕೆಯಿಂದ ಫೈಲ್ ತೆಗೆದು, ಅದನ್ನ ಮಾತ್ರ ಕ್ಲೌಡ್ ಫೋಲ್ಡರ್‌ಗೆ ಹಾಕಿ.

ಇನ್ನು ಡೆಸ್ಕ್‌ಟಾಪ್ ಒಬ್ಬರ ಕೈಯಲ್ಲಿರಲಿ. ಗೂಗಲ್ ಡ್ರೈವ್ ಆದರೆ ಪ್ರಿಫರೆನ್ಸಸ್‌ನಲ್ಲಿ ನನ್ನ ಕಂಪ್ಯೂಟರ್ ವಿಭಾಗದಿಂದ ಡೆಸ್ಕ್‌ಟಾಪ್ ತೆಗೆಯಿರಿ. ಒನ್‌ಡ್ರೈವ್ ಆದರೆ ಸೆಟ್ಟಿಂಗ್ಸ್, ಸಿಂಕ್ ಆ್ಯಂಡ್ ಬ್ಯಾಕಪ್, ಮ್ಯಾನೇಜ್ ಬ್ಯಾಕಪ್‌ಗೆ ಹೋಗಿ ಡೆಸ್ಕ್‌ಟಾಪ್ ಆಫ್ ಮಾಡಿ. ಹಾಗೆ ಆಫ್ ಮಾಡಿದ ಮೇಲೆ ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿ ಬೀಳಬೇಡಿ, ಫೈಲ್‌ಗಳು ಒನ್‌ಡ್ರೈವ್ ಫೋಲ್ಡರ್ ಒಳಗಿನ ಡೆಸ್ಕ್‌ಟಾಪ್‌ನಲ್ಲಿ ಇರುತ್ತವೆ. ಅಲ್ಲಿಂದ ಈಚೆ ತಂದುಕೊಳ್ಳಿ.

ಪ್ರಶ್ನೆ ಕೇಳಿದವರು:
ಡೇಟಾ ಡಿ ಡ್ರೈವ್‌ಗೆ ಹೋಯ್ತು, ಒಂದರಲ್ಲಿ ಡೆಸ್ಕ್‌ಟಾಪ್ ಬ್ಯಾಕಪ್ ತೆಗೆದಾಯ್ತು. ಬೆಳಿಗ್ಗೆಯಿಂದ ಒಮ್ಮೆಯೂ ಮಿಣುಕಿಲ್ಲ. ಎರಡು ಫೈಲ್ ಮೇಲೆ ಮಾತ್ರ ನೀಲಿ ಬಾಣ ಹಾಗೇ ನಿಂತಿದೆ.

ಉತ್ತರ (ಸಾಗರ):
ಆ ಫೈಲ್ ಎಲ್ಲಾದರೂ ತೆರೆದಿದ್ದರೆ ಮುಚ್ಚಿ, ಹತ್ತು ನಿಮಿಷ ಬಿಡಿ. ಆಗಲೂ ಹಾಗೇ ಇದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಮೇಲೆ ಬಲ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ, ಹಳೇ ಬಾಣ ಹೋಗುತ್ತೆ.