ಸಮಸ್ಯೆ: “ಒಂದಕ್ಷರವು ದೇಶವನ್ನು ನುಂಗಿತ್ತು”

ಪೃಚ್ಛಕ: ಈ ವಾರದ ಸಮಸ್ಯೆ ಮೇಲಿದೆ, ಅದನ್ನೇ ಕೊನೆಯ ಸಾಲಾಗಿಸಿ ಪದ್ಯ ಕಟ್ಟಬೇಕು. ಸಾಲಿಗೆ ಐದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಒಟ್ಟು ನಾಲ್ಕು ಸಾಲು. ಆದಿಪ್ರಾಸ, ಅಂದರೆ ಸಾಲುಗಳ ಎರಡನೆಯ ಅಕ್ಷರದ ಹೊಂದಿಕೆ, ಬಿಡುವಂತಿಲ್ಲ. ನುಂಗುವುದು ಎಂದ ಕೂಡಲೇ ರಾಹು, ಅಗಸ್ತ್ಯ ಎಂದು ಹೊರಡಬೇಡಿ. ನನಗೆ ಬೇಕಾದದ್ದು 1979ರ ಮಾಸ್ಕೋ. ಅಫ್ಘಾನಿಸ್ತಾನಕ್ಕೆ ಸೇನೆ ನುಗ್ಗಿಸುವ ತೀರ್ಮಾನವನ್ನು ಸೋವಿಯತ್ ಪಕ್ಷದ ಉನ್ನತ ಮಂಡಳಿಯಾದ ಪಾಲಿಟ್‌ಬ್ಯೂರೋ ಡಿಸೆಂಬರ್ 12ರಂದು ಮಾಡಿತು. ಆ ಠರಾವು ಕೈಬರಹದ್ದು, ಬೆರಳಚ್ಚು ಕೂಡ ಆಗಿರಲಿಲ್ಲ. ಅದರ ತಲೆಬರಹ: ‘ಅ’ದಲ್ಲಿನ ಪರಿಸ್ಥಿತಿ ಕುರಿತು. ದೇಶದ ಹೆಸರಿಗೆ ಬದಲು ಒಂದಕ್ಷರ. ರಷ್ಯನ್ನಿನಲ್ಲೂ ಅದು ಮೊದಲಕ್ಷರ, ನಮ್ಮಲ್ಲೂ ಮೊದಲಕ್ಷರ. ಈ ಯೋಗ ಮತ್ತೆ ಸಿಗುವುದಿಲ್ಲ, ಶುರುಮಾಡಿ.

ಕಂದಪ್ರಿಯ: ಕಂದ ಕೊಡದೆ ಚೌಪದಿ ಕೊಟ್ಟಿದ್ದಕ್ಕೆ ಮುನಿಸಿದೆ. ಆದರೂ ಬೋಣಿ ನನ್ನದೇ ಇರಲಿ.

ಮುಂದಿಟ್ಟ ಹಾಳೆಯಲಿ ನಾಡ ಹೆಸರಿಲ್ಲ,
ಸಂದೇಶದೊಳಗೆ ಸೇನೆಯ ಸೊಲ್ಲೆ ಇಲ್ಲ;
ಅಂದು ಸಹಿ ಬಿದ್ದುದೇ ಸಾಕಾಯ್ತು, ನೋಡು,
ಒಂದಕ್ಷರವು ದೇಶವನ್ನು ನುಂಗಿತ್ತು.

ಪೃಚ್ಛಕ: ಎರಡನೆಯ ಸಾಲು ಚರಿತ್ರೆಗೂ ಸರಿ. ಆ ಹಾಳೆಯಲ್ಲಿ ‘ಸೇನೆ’ ಎಂಬ ಮಾತೇ ಇಲ್ಲ. ಆಂದ್ರೊಪೊವ್, ಉಸ್ತಿನೊವ್, ಗ್ರೊಮಿಕೊ ಮುಂದಿಟ್ಟ ಕ್ರಮಗಳಿಗೆ ಒಪ್ಪಿಗೆ ಇದೆ, ಜಾರಿಯ ಹೊಣೆಯೂ ಅವರದೇ ಎಂದಿದೆ. ಯಾವ ಕ್ರಮ, ಏನು ಕಥೆ ಎಂಬುದು ಬಲ್ಲವರಿಗಷ್ಟೇ.

ಹೊಸಬ: ಹಾಗಾದರೆ ಆ ಮೂವರನ್ನೇ ಸಾಲಿಗೆ ಕೂರಿಸಿದ್ದೇನೆ. ಎಣಿಸಿ ನೋಡಿ, ಮಾತ್ರೆ ಒಂದೂ ಹೆಚ್ಚುಕಮ್ಮಿ ಇಲ್ಲ!

ಆಂದ್ರೊಪೊವ್ ಉಸ್ತಿನೊವ್ ಗ್ರೊಮಿಕೊ ಮೂವರೇ
ತಂದಿಟ್ಟರೊಂದು ಭಯ ಮುದುಕನೆದುರಲ್ಲಿ;
‘ಮುಂದೆ ಬರುವನು ವೈರಿ ಗಡಿಗೆ’ಂದರಂತೆ,
ಒಂದಕ್ಷರವು ದೇಶವನ್ನು ನುಂಗಿತ್ತು.

ವೃಷಭಪ್ರಾಸಿ: ಮಾತ್ರೆ ಸರಿ ಮರಿ, ಪ್ರಾಸ ಕೆಟ್ಟಿತು. ಬಿಂದು (ಅನುಸ್ವಾರ) ಬಂದರೆ ವೃಷಭಪ್ರಾಸ. ಬಿಂದುವಿನ ಮುಂದೆ ‘ದ’ ಇರಬೇಕಾದ ಕಡೆ ‘ದ್ರ’ ತಂದು ಕಟ್ಟಿದರೆ ಎತ್ತು ನೊಗ ಹೊರುವುದಿಲ್ಲ. ಹೆಸರು ಬಿಟ್ಟು ಹುದ್ದೆ ಹಿಡಿ: “ಹೊಂದಿದುವು ಕೆಜಿಬಿ ರಕ್ಷಣೆ ವಿದೇಶಾಂಗ”. ಆಂದ್ರೊಪೊವ್ ಗೂಢಚಾರ ಸಂಸ್ಥೆ ಕೆಜಿಬಿಯ ಮುಖ್ಯಸ್ಥ, ಉಸ್ತಿನೊವ್ ರಕ್ಷಣಾ ಮಂತ್ರಿ, ಗ್ರೊಮಿಕೊ ವಿದೇಶಾಂಗ ಮಂತ್ರಿ. ಮೂರು ಖಾತೆ ಒಂದಾದರೆ ಪ್ರಶ್ನೆ ಕೇಳುವವರು ಯಾರು ಉಳಿದರು? ‘ಮುದುಕ’ ಮಾತ್ರ ಇರಲಿ. ಸೋವಿಯತ್ ನಾಯಕ ಬ್ರೆಜ್ನೆವ್ ಆಗ ಆರೋಗ್ಯ ಕೆಟ್ಟು ಸೊರಗಿದ್ದರು.

ಹೊಸಬ: ಹುದ್ದೆ ಹಾಕಿದರೆ ಪ್ರಾಸ ಉಳಿಯಿತು, ಆಸಾಮಿಗಳು ತಪ್ಪಿಸಿಕೊಂಡರು. ನಾನು ಎರಡೂ ಪಾಠ ಇಟ್ಟುಕೊಳ್ಳುತ್ತೇನೆ.

ನಿವೃತ್ತ ಮೇಷ್ಟ್ರು: ಮೂವರೇ ಎಂದರೆ ಪೂರ್ತಿ ಆಗಲಿಲ್ಲ. ಬೇಡ ಎಂದವರೂ ಇದ್ದರಲ್ಲ. ಅದೇ ವರ್ಷ ಮಾರ್ಚಿನಲ್ಲಿ ಹೆರಾತ್‌ನಲ್ಲಿ ದಂಗೆ ಎದ್ದಾಗ ಕಾಬೂಲಿನಲ್ಲಿ ಆಳುತ್ತಿದ್ದ ಆಫ್ಘನ್ ನಾಯಕ ತರಾಕಿ ಫೋನಿನಲ್ಲಿ ಸೇನೆ ಬೇಡಿದ. ಉಜ್ಬೆಕರನ್ನೂ ತಾಜಿಕರನ್ನೂ ಆಫ್ಘನ್ ಗುರುತಿನ ಟ್ಯಾಂಕಿನಲ್ಲಿ ಕಳಿಸಿ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಪ್ರಧಾನಿ ಕೊಸಿಗಿನ್ ಒಪ್ಪಲಿಲ್ಲ, ಇಂಥದ್ದು ಜಗತ್ತಿಗೆ ಗೊತ್ತಾಗದೆ ಇರುತ್ತದೆಯೇ ಎಂದರು. ಪಾಲಿಟ್‌ಬ್ಯೂರೋ ಕೂಡ ಆಗ ಬೇಡವೆಂದೇ ತೀರ್ಮಾನಿಸಿತ್ತು. ಡಿಸೆಂಬರಿನ ಠರಾವಿನ ಮೇಲೆ ಕೊಸಿಗಿನ್ ಸಹಿ ಇಲ್ಲ. ಇನ್ನು ಸೇನಾ ಮುಖ್ಯಸ್ಥ ಒಗರ್ಕೊವ್ ಡಿಸೆಂಬರ್ 10ರಂದು ಎದುರು ಮಾತಾಡಿದಾಗ, ನೀನು ಸೈನ್ಯದ ಕೆಲಸ ನೋಡಿಕೋ, ರಾಜಕೀಯ ನಮಗೆ ಬಿಡು ಎನ್ನುವ ಧಾಟಿಯಲ್ಲಿ ಆಂದ್ರೊಪೊವ್ ಗದರಿದರಂತೆ. ಈ ಇಬ್ಬರಿಗಾಗಿ:

ಹಿಂದೆ ಬೇಡೆಂದವನು ಸಭೆಗೆ ಬರಲಿಲ್ಲ,
ಇಂದು ಬೇಡೆಂದವಗೆ ‘ಬಾಯ್ಮುಚ್ಚು’ ಎಂದು
ಮಂದಿಯುಳಿದವರೆಲ್ಲ ಸಹಿಯ ಹಾಕಿದರು,
ಒಂದಕ್ಷರವು ದೇಶವನ್ನು ನುಂಗಿತ್ತು.

ಕಂದಪ್ರಿಯ: ಆಹಾ! ‘ಹಿಂದೆ ಬೇಡ, ಇಂದು ಬೇಡ’ ಎದುರುಬದುರು ನಿಂತಿವೆ. ಆದರೆ ಮಾರ್ಚಿನಲ್ಲಿ ಬೇಡವಾದದ್ದು ಡಿಸೆಂಬರಿಗೆ ಬೇಕಾದದ್ದು ಹೇಗೆ?

ನಿವೃತ್ತ ಮೇಷ್ಟ್ರು: ಸೆಪ್ಟೆಂಬರಿನಲ್ಲಿ ತರಾಕಿ ಮಾಸ್ಕೋದಲ್ಲಿ ಬ್ರೆಜ್ನೆವ್ ಅವರ ಕೈಕುಲುಕಿ ಊರಿಗೆ ಮರಳಿದ. ಕೆಲವೇ ದಿನಗಳಲ್ಲಿ ಅವನದೇ ಸರ್ಕಾರದ ಅಮೀನ್ ಅವನನ್ನು ಇಳಿಸಿ ತಾನೇ ಗದ್ದುಗೆ ಹಿಡಿದ, ಅಕ್ಟೋಬರಿನಲ್ಲಿ ದಿಂಬು ಒತ್ತಿ ಕೊಲ್ಲಿಸಿದ. ಬ್ರೆಜ್ನೆವ್‌ಗೆ ಇದು ಸ್ವಂತ ಅವಮಾನದ ಹಾಗೆ ತಟ್ಟಿತು. ಅಮೀನ್ ಅಮೆರಿಕದ ಕಡೆ ವಾಲುತ್ತಾನೆ ಎಂದು ಆಂದ್ರೊಪೊವ್ ಡಿಸೆಂಬರಿನ ಆರಂಭದಲ್ಲಿ ಪತ್ರವನ್ನೇ ಬರೆದರು. ಡಿಸೆಂಬರ್ 12ರಂದೇ ಅತ್ತ ಅಮೆರಿಕದ ಸೇನಾಕೂಟ ನೇಟೊ ಯುರೋಪಿನಲ್ಲಿ ಹೊಸ ಕ್ಷಿಪಣಿ ನಿಲ್ಲಿಸುವ ನಿರ್ಧಾರ ಮಾಡಿತು. ಒಬ್ಬನ ನೋವು, ಇನ್ನೊಬ್ಬನ ಗುಮಾನಿ. ಹೊಸಬರ ‘ಭಯ’ ಎಂಬ ಪದ ಅದಕ್ಕೇ ಹಿಡಿಸಿತು.

ವೃಷಭಪ್ರಾಸಿ: ಅಮೀನನ ಕಥೆಯಂತೂ ಯಕ್ಷಗಾನದ ಪ್ರಸಂಗಕ್ಕೇ ಸಾಕು. ಸೋವಿಯತ್ ಸೇನೆ ಕಳಿಸಿ ಎಂದು ಅವನೇ ಮತ್ತೆ ಮತ್ತೆ ಕೇಳಿದ್ದ. ಡಿಸೆಂಬರ್ 25ಕ್ಕೆ 40ನೆಯ ಸೇನೆ ತೆರ್ಮೆಜ್ ಬಳಿ ಗಡಿಯ ನದಿ ಅಮು ದರಿಯಾ ದಾಟಿತು. 27ರಂದು ಅವನ ಊಟಕ್ಕೆ ವಿಷ ಬಿತ್ತು. ಸಂಚು ತಿಳಿಯದ ಸೋವಿಯತ್ ವೈದ್ಯರೇ ಓಡಿಬಂದು ಬದುಕಿಸಿದರು! ಅದೇ ರಾತ್ರಿ ಸೋವಿಯತ್ ಪಡೆ ತಾಜ್‌ಬೇಗ್ ಅರಮನೆಗೆ ನುಗ್ಗಿ ಅವನನ್ನು ಕೊಂದಿತು.

ಬಂದು ಕಾಯಿರಿ ಎಂದು ಕರೆದಿದ್ದಮೀನ,
ಬಂದವರೆ ಕೊಂದರರಮನೆಯೊಳಗೆ ಹೊಕ್ಕು;
ಸಂದ ನಂಬುಗೆಗಿತ್ತ ಕೂಲಿ ಗುಂಡಾಯ್ತು,
ಒಂದಕ್ಷರವು ದೇಶವನ್ನು ನುಂಗಿತ್ತು.

ಪೃಚ್ಛಕ: ‘ಕೊಂದರರಮನೆ’ ಓದುವಾಗ ನಾಲಿಗೆ ತೊಡರುತ್ತದೆ. ಉಳಿದಂತೆ ಭೇಷ್.

ಕಂದಪ್ರಿಯ: ನನ್ನದು ಇನ್ನೊಂದು. ಇದರಲ್ಲಿ ಇತಿಹಾಸ ಕಮ್ಮಿ, ಕುಚೇಷ್ಟೆ ಜಾಸ್ತಿ. ಸಂಸ್ಕೃತದಲ್ಲಿ ‘ಅ’ ಮುಂದೆ ಬಂದರೆ ಇಲ್ಲ ಎಂದರ್ಥ ತಾನೆ?

ಮುಂದೆ ನಿಂತು ಅಕಾರ ಶಾಂತಿ ಧರ್ಮಗಳ
ಹಿಂದುಮುಂದಾಗಿಸಿತು ಬರಿ ನಿಷೇಧದಲಿ;
ಎಂದಿನಾ ವ್ಯಾಕರಣ ರಣವಾಯ್ತು ಕಾಣೆ,
ಒಂದಕ್ಷರವು ದೇಶವನ್ನು ನುಂಗಿತ್ತು.

ಹೊಸಬ: ವ್ಯಾಕರಣದಲ್ಲೇ ರಣ ಇತ್ತೆಂದು ಇಂದು ಗೊತ್ತಾಯಿತು. ಶಾಲೆಯಲ್ಲಿ ಅನುಭವಕ್ಕೆ ಬಂದಿತ್ತು.

ಪೃಚ್ಛಕ: ಈ ವಾರದ ವೀಳ್ಯ ಇದಕ್ಕೇ ಕೊಡೋಣ ಎಂದಿದ್ದೆ. ಆದರೆ ಒಬ್ಬ ಇನ್ನೂ ಯಾರ ಪದ್ಯಕ್ಕೂ ಸಿಕ್ಕಿಲ್ಲ. ಆ ಹಾಳೆ ಯಾರ ಕೈಬರಹ?

ನಿವೃತ್ತ ಮೇಷ್ಟ್ರು: ಚೆರ್ನೆಂಕೊ! ಬ್ರೆಜ್ನೆವ್ ನೆರಳಿನಂತಿದ್ದ ಮನುಷ್ಯ. 1984ರಲ್ಲಿ ಆಂದ್ರೊಪೊವ್ ತೀರಿಕೊಂಡ ಮೇಲೆ ತಾನೇ ಪಕ್ಷದ ಪ್ರಧಾನ ಕಾರ್ಯದರ್ಶಿಯಾದ, ಆಗಲೇ ಉಸಿರಾಟದ ಕಾಯಿಲೆ. 1985ರ ಮಾರ್ಚಿಗೆ ಮುಗಿಯಿತು. ಯುದ್ಧ ಮಾತ್ರ ನಡೆದೇ ಇತ್ತು. ಆ ಮೂವರಲ್ಲಿ 1989ರ ಫೆಬ್ರವರಿ 15ಕ್ಕೆ ಸೇನೆ ಪೂರ್ತಿ ಹಿಂದಿರುಗಿದ್ದನ್ನು ನೋಡಲು ಉಳಿದಿದ್ದವರು ಗ್ರೊಮಿಕೊ ಒಬ್ಬರೇ. ಅವರೂ ಅದೇ ಜುಲೈಯಲ್ಲಿ ಹೋದರು. ಬರೆದವನಿಗೆ ಇದು:

ಹಿಂದೆ ಕುಳಿತವನೊಬ್ಬ ಬರೆದ ಕೈಯಾರ,
ಎಂದು ನಡುಗಿತೊ ಇಲ್ಲವೋ ಲೇಖನಿಯದು;
ಮುಂದೆ ಗದ್ದುಗೆ ಹತ್ತಿ ತಾನು ಕೆಮ್ಮಿದನು,
ಒಂದಕ್ಷರವು ದೇಶವನ್ನು ನುಂಗಿತ್ತು.

ವೃಷಭಪ್ರಾಸಿ: ಮೇಷ್ಟ್ರೇ, ‘ಕೆಮ್ಮಿದನು’ ಎಂದಾಗ ನಗು ಬಂತು, ಆಮೇಲೆ ಬರಲಿಲ್ಲ. ವೀಳ್ಯ ನಿಮಗೇ. ‘ಲೇಖನಿಯದು’ ಮಾತ್ರ ಮಾತ್ರೆ ತುಂಬಿಸಲು ಬಂದ ‘ಅದು’, ಸುಳ್ಳು ಹೇಳಬೇಡಿ.

ನಿವೃತ್ತ ಮೇಷ್ಟ್ರು: ಹೌದಪ್ಪ, ತುಂಬಿಸಲೇ ಬಂದದ್ದು.