ಒಂದು ಕಿಲೋ ನಾನೂರು ಗ್ರಾಮ್

ನಮ್ಮ ಕುಟುಂಬದ ‘ತರವಾಡು ಮನೆ’ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಆರಕ್ಕೆ ಬರುವುದು ದೇವರ ಫೋಟೋ, ಇಲ್ಲವಾದರೆ ಅಡಿಕೆ ಧಾರಣೆ. ಸೋಮವಾರ ಬಂದದ್ದು ತೂಕದ ಮೆಷಿನ್. ನನ್ನ ಫೋನಿನಲ್ಲಿ ಹೆಸರು ಹೇಗುಂಟೋ ಹಾಗೆಯೇ ಹಾಕಿದ್ದೇನೆ.

ಬದಿಯಡ್ಕ ಅತ್ತಿಗೆ: (ಫೋಟೋ) ನಿನ್ನೆ 70.0, ಇವತ್ತು 71.4. ಎರಡು ತಿಂಗಳ ಗಂಜಿ, ಮುಳ್ಳುಸೌತೆ, ನಡಿಗೆ, ಎಲ್ಲ ಒಂದು ಉಪನಯನದ ಊಟಕ್ಕೆ ಹೋಯ್ತು. ಇನ್ನು ನನ್ನಿಂದಾಗುದಿಲ್ಲ.

ಬದಿಯಡ್ಕ ಅತ್ತಿಗೆ: ಅಯ್ಯೋ, ಅಕ್ಕನಿಗೆ ಕಳಿಸಿದ್ದು. ಇಲ್ಲಿಗೆ ಬಂತಾ?

ಪೆರ್ಲ ಮಾವ: ಬಂತು ಕೂಸೇ. ಪಾಯಸ ಎರಡನೇ ಸಲ ಬಡಿಸಿದ್ದು ನಾನೇ, ತಪ್ಪಾಯ್ತು.

ಕುಂಬಳೆ ಚಿಕ್ಕಮ್ಮ: ನಾನಾದ್ರೆ ಆ ಮೆಷಿನನ್ನು ಬಾವಿಗೆ ಹಾಕ್ತಿದ್ದೆ.

ದೇರಳಕಟ್ಟೆ ಪುಟ್ಟಿ: ಅತ್ತೆ, ಅದು ಕೊಬ್ಬು ಅಲ್ಲವೇ ಅಲ್ಲ. ಒಂದು ಕಿಲೋ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. 1.4 ಕಿಲೋ ಏರ್ಲಿಕ್ಕೆ ಹತ್ತು ಸಾವಿರದ ಮೇಲೆ ಬೇಕು, ಅದೂ ದಿನದ ಖರ್ಚು ಕಳೆದು. ಒಂದು ಹೋಳಿಗೆಗೆ 300 ಅಂತ ಇಟ್ರೂ ಮೂವತ್ತಾರು ತಿನ್ಬೇಕು.

ಪೆರ್ಲ ಮಾವ: ನಾನು ತಿಂದದ್ದು ಎಂಟು.

ದೇರಳಕಟ್ಟೆ ಪುಟ್ಟಿ: ಹಪ್ಪಳ, ಉಪ್ಪಿನಕಾಯಿಯ ಉಪ್ಪು ನೀರು ಹಿಡಿದಿಡ್ತದೆ. ಅನ್ನ, ಸಿಹಿ ಎಲ್ಲ ಗ್ಲೈಕೋಜನ್, ಅಂದ್ರೆ ಮೈ ಕೂಡಿಟ್ಟ ಸಕ್ಕರೆ, ಆಗಿ ಕೂರುವಾಗ ಗ್ರಾಮಿಗೆ ಮೂರು ಗ್ರಾಮ್ ನೀರೂ ಜೊತೆಗೆ. ಅರಗದ ಊಟ ಬೇರೆ ಹೊಟ್ಟೆಯಲ್ಲುಂಟು. ಎರಡು ಮೂರು ದಿನದಲ್ಲಿ ಇಳೀತದೆ.

ನರ್ಸಿಂಗ್ ಕಲಿಯುವ ಹುಡುಗಿ, ಲೆಕ್ಕ ಸರಿಯೇ. ಅತ್ತಿಗೆಗೆ ಬೇಕಾದದ್ದು ಲೆಕ್ಕ ಅಲ್ಲ ಅಂತ ಮುಂದಿನ ಮೆಸೇಜಿನಲ್ಲಿ ಗೊತ್ತಾಯ್ತು.

ಬದಿಯಡ್ಕ ಅತ್ತಿಗೆ: ನೀರು ಅಂತ ನನಗೂ ಗೊತ್ತುಂಟು ಪುಟ್ಟೀ. ಗೊತ್ತಿದ್ದೂ ಹುಯ್ದಿಟ್ಟ ದೋಸೆ ಮುಟ್ಟಲಿಲ್ಲ. ಒಂದು ಕಾಲಿನ ಸಾಕ್ಸ್ ಸಿಕ್ಕಲಿಲ್ಲ ಅಂತ ಮಗನಿಗೆ ಬೈದೆ. ಅವನು ಅಳಲಿಲ್ಲ. “ಅಮ್ಮ, ಇವತ್ತು ಎಷ್ಟು ಬಂತು?” ಅಂತ ಕೇಳಿದ.

ಸ್ವಲ್ಪ ಹೊತ್ತು ಯಾರೂ ಟೈಪ್ ಮಾಡಲಿಲ್ಲ. ಅಣ್ಣ ಓದಿದ್ದ, ಬಾಯಿ ಬಿಡಲಿಲ್ಲ.

ಕುಂಬಳೆ ಚಿಕ್ಕಮ್ಮ: ಅದಕ್ಕೇ ಹೇಳಿದ್ದು ಬಾವಿಗೆ ಅಂತ. ನಾವೆಲ್ಲ ಯಾವ ಮೆಷಿನ್ ಕಂಡಿದ್ದೆವು? ರವಿಕೆಯ ಹುಕ್ಕು ಹೇಳ್ತಿತ್ತು.

ದೇರಳಕಟ್ಟೆ ಪುಟ್ಟಿ: ಬಾವಿ ಬೇಡ ಅಜ್ಜೀ. ಬೆಳಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದು, ಏನೂ ತಿನ್ನುವ ಮೊದಲು ದಿನಾ ತೂಗಿ ಬರೆದಿಡುದು. ಏಳು ದಿನದ ಸರಾಸರಿ ಮಾತ್ರ ನೋಡುದು.

ಕುಂಬಳೆ ಚಿಕ್ಕಮ್ಮ: ದಿನಾ ತೂಗುದು ಅಂದ್ರೆ ಆ ಮಗು ದಿನಾ ಕೇಳುದು. ಸರಾಸರಿ ಅವನಿಗೆ ಗೊತ್ತಾಗ್ತದಾ? ಮತ್ತೆ, ಗಂಡಸರಿದ್ದರೂ ಹೇಳ್ತೇನೆ, ಮುಟ್ಟಿನ ಮೊದಲು ಹೇಗೂ ಮೈ ನೀರು ಹಿಡೀತದೆ. ಆಗೆಲ್ಲ ದೋಸೆ ಬಿಡುದಾ?

ನೀರ್ಚಾಲು ದೊಡ್ಡಪ್ಪ: (ಧ್ವನಿ ಸಂದೇಶ)

ಎರಡು ನಿಮಿಷ ನಲವತ್ತು ಸೆಕೆಂಡು. ಮೊದಲರ್ಧ ಕೆಮ್ಮು, ಹಿಂದೆ ಅಡಿಕೆ ಸುಲಿಯುವವರ ಮಾತು. ಉಳಿದದ್ದು ಇಷ್ಟು: “ಒಣಗಿದ ಅಡಿಕೆ ಮಳೆಗಾಲದಲ್ಲಿ ಥಂಡಿ ಎಳೆದು ತೂಕ ಹೆಚ್ಚು ಬರ್ತದೆ. ಹಾಗಂತ ತೋಟದಲ್ಲಿ ಫಸಲು ಹೆಚ್ಚಾಯ್ತು ಅಂತ ನಾನು ಕುಣಿಯುದುಂಟಾ?”

ಪೆರ್ಲ ಮಾವ: ಕುಣಿದದ್ದುಂಟು ಭಾವ.

ನೀರ್ಚಾಲು ದೊಡ್ಡಪ್ಪ: ಅದು ಧಾರಣೆಗೆ. ತೂಕಕ್ಕಲ್ಲ.

ಬದಿಯಡ್ಕ ಅತ್ತಿಗೆ: ದೊಡ್ಡಪ್ಪ, ಅಡಿಕೆಗೆ ತನ್ನ ತೂಕ ಎಷ್ಟು ಅಂತ ಗೊತ್ತಾಗುದಿಲ್ಲ.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಸುಮ್ಮನಿರಲಾರದೆ ನಡುವೆ ಬಾಯಿ ಹಾಕಿದೆ.

ನಾನು: ಅತ್ತಿಗೆ, ವಾರಕ್ಕೊಂದೇ ಸಲ ಮಾಡಿ. ಬುಧವಾರ. ಜಂಬರದ ಊಟದ ಮರುದಿನ ಹತ್ತುವುದೇ ಬೇಡ. ಮೆಷಿನನ್ನು ಅಣ್ಣ ಕಪಾಟಿನ ಮೇಲಿಡಲಿ. ತಿಂಗಳಿಗೊಮ್ಮೆ ಟೈಲರ್ ಟೇಪಿನಲ್ಲಿ ಸೊಂಟ ಅಳೆದರೆ ಸಾಕು. ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರಿನ ಒಳಗಿದ್ದರೆ ಒಳ್ಳೆಯದಂತೆ.

ದೇರಳಕಟ್ಟೆ ಪುಟ್ಟಿ: ವಾರಕ್ಕೊಂದೇ ಸಲ ನೋಡಿದ್ರೆ ಆ ದಿನವೇ ನೀರು ಹಿಡಿದಿದ್ರೆ? ಇಡೀ ವಾರ ಬೇಜಾರು.

ಬದಿಯಡ್ಕ ಅತ್ತಿಗೆ: ಮತ್ತೆ ನಿಮ್ಮ ಟೇಪು ನನಗೆ ಇನ್ನೂ ಹೆದರಿಕೆ.

ಹೀಗೆ ಒಂಬತ್ತರವರೆಗೆ ಎಳೆದಾಡಿದರು. ದಿನಾ ಬೇಕು ಅಂತ ಪುಟ್ಟಿ, ಬೇಡವೇ ಬೇಡ ಅಂತ ಚಿಕ್ಕಮ್ಮ. ನನ್ನ ಬುಧವಾರಕ್ಕೆ ಒಂದು ಹೆಬ್ಬೆಟ್ಟೂ ಬೀಳಲಿಲ್ಲ. ಅಷ್ಟರಲ್ಲಿ,

ಪೆರ್ಲ ಮಾವ: ಫೋಟೋ ದೊಡ್ಡದು ಮಾಡಿ ನೋಡಿದೆ. ಮೆಷಿನಿನ ಒಂದು ಕಾಲು ಕಾಲೊರಸಿನ ಮೇಲೆ ಉಂಟಲ್ವಾ?

ನಾನೂ ನೋಡಿದೆ. ಹೌದು, ಎಡಗಡೆಯ ಕಾಲಿನಡಿ ಕಾಲೊರಸಿನ ಹಸಿರು ಅಂಚು.

ದೇರಳಕಟ್ಟೆ ಪುಟ್ಟಿ: ಹಾಗಾದ್ರೆ ಆ ನಂಬರನ್ನೇ ನಂಬ್ಲಿಕ್ಕಾಗುದಿಲ್ಲ! ಗಟ್ಟಿ, ಸಮ ನೆಲ ಬೇಕು. ಅತ್ತೆ, ಸರಿಯಾಗಿಟ್ಟು ಪುನಃ ಒಂದ್ಸಲ ಹತ್ತಿ.

ಕುಂಬಳೆ ಚಿಕ್ಕಮ್ಮ: ಹತ್ತಬೇಡ!

ಬದಿಯಡ್ಕ ಅತ್ತಿಗೆ: ಈಗ ಹತ್ತಿ ಪ್ರಯೋಜನ ಇಲ್ಲ. ದೋಸೆ ತಿಂದಾಯ್ತು.

ಪೆರ್ಲ ಮಾವ: ಎಷ್ಟು?

ಬದಿಯಡ್ಕ ಅತ್ತಿಗೆ: ನಾಲ್ಕು. ತಣ್ಣಗಾಗಿತ್ತು.