ಮರು: ‘ಫ್ಯಾಮಿಲಿ ಗ್ರೂಪ್ ಪೋರ್ಟ್ರೇಟ್’ಗೆ ಕನ್ನಡದಲ್ಲಿ ಏನನ್ನಬೇಕು? (ಬೋರ್ಡು ನಾಳೆ ಅಚ್ಚಿಗೆ)

ನಮಸ್ಕಾರ. ವಿಂಟೇಜ್ ಫಿಲ್ಮ್ ಕ್ಯಾಮೆರಾದಲ್ಲಿ ಮನೆಯವರ ಗ್ರೂಪ್ ಫೋಟೋ ತೆಗೆದುಕೊಡುವ ಜಾಗಕ್ಕೆ ಕನ್ನಡದಲ್ಲಿ ಒಂದು ಬೋರ್ಡು, ಜೊತೆಗೆ ಕ್ಯಾಮೆರಾ ಬಗ್ಗೆ ಒಂದು ವಿವರಣೆ ಕಾರ್ಡು ಬೇಕು, ಬೋರ್ಡು ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು ಅಂತ ಬರೆದಿದ್ದೀರಿ. ಹಾಗಾಗಿ ಮೊದಲು ಉತ್ತರ, ಕಾರಣ ಆಮೇಲೆ.

ಬೋರ್ಡಿನ ಮೇಲೆ ಇಷ್ಟು ಬರೆಸಿ: “ಅಜ್ಜನ ಕಾಲದ ಫಿಲ್ಮ್ ಕ್ಯಾಮೆರಾದಲ್ಲಿ ಮನೆಮಂದಿಯೆಲ್ಲ ಕೂತು ಫೋಟೋ ತೆಗೆಸಿಕೊಳ್ಳಿ.” ಜಾಗ ಕಡಿಮೆ ಇದ್ದರೆ ‘ಕೂತು’ ಬಿಡಿ. ಇನ್ನೂ ಕಡಿಮೆ ಇದ್ದರೆ ‘ಅಜ್ಜನ ಕಾಲದ’ ಬಿಡಿ. ‘ತೆಗೆಸಿಕೊಳ್ಳಿ’ ಮಾತ್ರ ಬಿಡಬೇಡಿ. ಎರಡು ದಿನದಿಂದ ಈ ಚರ್ಚೆಯಲ್ಲಿ ಎಲ್ಲರೂ ಪೋರ್ಟ್ರೇಟ್ ಅನ್ನೋದಕ್ಕೆ ಒಂದು ನಾಮಪದ ಹುಡುಕುತ್ತಿದ್ದಾರೆ. ಕನ್ನಡದಲ್ಲಿ ಆ ಅರ್ಥ ಕೂತಿರೋದು ಕ್ರಿಯಾಪದದಲ್ಲಿ.

> ‘ಸಾಮೂಹಿಕ ಕೌಟುಂಬಿಕ ಭಾವಚಿತ್ರ’ ಆಗಬಹುದಾ?

ಆಗಲ್ಲ. ಸಾಮೂಹಿಕ ಅಂದ ಕೂಡಲೇ ಸಾಮೂಹಿಕ ರಜೆ, ಸಾಮೂಹಿಕ ರಾಜೀನಾಮೆ ನೆನಪಾಗುತ್ತದೆ. ಕೌಟುಂಬಿಕ ಅಂದರೆ ಮುಂದೆ ‘ಕಲಹ’ ಬರುತ್ತೆ ಅಂತ ಓದುಗ ಕಾಯುತ್ತಾನೆ. ಭಾವಚಿತ್ರ ಒಳ್ಳೆಯ ಪದವೇ, ಆದರೆ ಬಳಕೆಯಲ್ಲಿ ಅದು ಒಬ್ಬರದ್ದು. ‘ಇಲ್ಲಿ ಇತ್ತೀಚಿನ ಭಾವಚಿತ್ರ ಅಂಟಿಸಿ’ ಅಂತ ಅರ್ಜಿಯಲ್ಲಿ ಇದ್ದರೆ ಯಾರೂ ಹೆಂಡತಿ ಮಕ್ಕಳ ಸಮೇತ ಇರೋ ಫೋಟೋ ಅಂಟಿಸಲ್ಲ.

ಹಳೇ ಫೋಟೋಗಳಲ್ಲಿ ಯಾರೂ ನಗಲ್ಲ, ಮುಖದಲ್ಲಿ ಭಾವವೇ ಇರಲ್ಲ, ಆದ್ದರಿಂದ ಭಾವಚಿತ್ರ ತಪ್ಪು ಅಂತ ಒಬ್ಬರು ಬರೆದಿದ್ದಾರೆ. ಇದು ತಪ್ಪು ವಾದ. ಸಂಸ್ಕೃತದ ‘ಭಾವ’ಕ್ಕೆ ಇರುವಿಕೆ, ಸ್ವಭಾವ ಅನ್ನೋ ಅರ್ಥಗಳೂ ಇವೆ. ನಗು ಅಳು ಮಾತ್ರ ಅಲ್ಲ. ಭಾವಚಿತ್ರ ಬೇಡ ಅನ್ನೋದಕ್ಕೆ ಬಳಕೆ ಕಾರಣ, ವ್ಯುತ್ಪತ್ತಿ ಅಲ್ಲ.

ಕುಟುಂಬ, ಸಂಸಾರ, ಮನೆತನ, ಮನೆಮಂದಿ. ನಾಲ್ಕೂ ಒಂದೇ ಅಂತ ತಿಳಿದು ಯಾವುದನ್ನಾದರೂ ಹಾಕಿ ಅಂದವರಿಗೆ ನನ್ನ ಒಪ್ಪಿಗೆ ಇಲ್ಲ. ಸಂಸಾರ ಅಂದರೆ ಗಂಡ ಹೆಂಡತಿ ಮಕ್ಕಳು. ಮನೆತನ ಅಂದರೆ ಸತ್ತವರೂ ಸೇರುತ್ತಾರೆ, ಅವರನ್ನು ಕ್ಯಾಮೆರಾ ಮುಂದೆ ಕೂರಿಸೋಕೆ ಆಗಲ್ಲ. ಕುಟುಂಬ ಪಡಿತರ ಚೀಟಿಯ ಪದ, ತಪ್ಪಲ್ಲ, ಆದರೆ ತಣ್ಣಗಿದೆ. ಮನೆಮಂದಿ ಅಂದರೆ ಆ ಮನೆಯಲ್ಲಿ ಉಣ್ಣುವ ಎಲ್ಲರೂ: ಅಜ್ಜಿ, ಚಿಕ್ಕಪ್ಪ, ಗಂಡನ ಮನೆಯಿಂದ ಬಂದಿರೋ ಅತ್ತೆ, ತೊಡೆ ಮೇಲಿನ ಕೂಸು. ಮೂರು ಸಾಲಿನ ಫೋಟೋದಲ್ಲಿ ಇರೋರು ಇವರೇ ಅಲ್ವಾ.

> ವಿಂಟೇಜ್ = ಪ್ರಾಚೀನ

ದಯವಿಟ್ಟು ಬೇಡ. ಫೋಟೋಗ್ರಫಿ ಲೋಕಕ್ಕೆ ಗೊತ್ತಾದದ್ದೇ 1839ರಲ್ಲಿ. ಪ್ರಾಚೀನ ಅಂದರೆ ಶಾಸನದ ಕಾಲ. ‘ಹಳೆಯ ಕ್ಯಾಮೆರಾ’ ಅಂದರೆ ಕೆಟ್ಟು ಮೂಲೆಗೆ ಬಿದ್ದಿರೋದು ಅಂತ ಆಗುತ್ತೆ. ಅದಕ್ಕೇ ‘ಅಜ್ಜನ ಕಾಲದ’ ಅಂದೆ. ಇಂಗ್ಲಿಷಿನ ವಿಂಟೇಜ್ ದ್ರಾಕ್ಷಿ ಕೊಯ್ಲಿನ ಪದ, ಹಣ್ಣು ಕಿತ್ತು ವೈನ್ ಮಾಡಿದ ವರ್ಷದಿಂದ ಇಲ್ಲಿಯವರೆಗೆ ಬಂತು. ಅವರದು ದ್ರಾಕ್ಷಿ ತೋಟದಿಂದ ಬಂದಿರಲಿ, ನಮ್ಮದು ಅಜ್ಜನಿಂದ ಬರಲಿ.

ಈಗ ‘ತೆಗೆಸಿಕೊಳ್ಳು’ ಬಗ್ಗೆ. ಇದು ನನಗೆ ಮುಖ್ಯ.

ಕನ್ನಡದಲ್ಲಿ ಫೋಟೋ ಹಿಡೀತೀವಿ, ತೆಗೀತೀವಿ, ಹೊಡೀತೀವಿ. ಪತ್ರಿಕೆಯವರು ಕ್ಲಿಕ್ಕಿಸುತ್ತಾರೆ. ಇವು ನಾಲ್ಕೂ ಒಂದೇ ತೂಕದವಲ್ಲ. ದಾರಿಯಲ್ಲಿ ಹೋಗ್ತಾ ಸುಮ್ನೆ ಒಂದು ಫೋಟೋ ಹೊಡೀಬಹುದು. ಸೆಲ್ಫಿ ಕ್ಲಿಕ್ಕಿಸಿಕೊಳ್ಳಬಹುದು. ಆದರೆ ಮನೆಮಂದಿಯೆಲ್ಲ ಒಳ್ಳೇ ಬಟ್ಟೆ ಉಟ್ಟು, ಕೂಸಿನ ಮೂಗು ಒರೆಸಿ, ಎತ್ತರದವರು ಹಿಂದೆ ನಿಂತು, ಹಿರಿಯರು ಕುರ್ಚಿಯಲ್ಲಿ ಕೂತು ಮಾಡೋ ಕೆಲಸಕ್ಕೆ ‘ಫೋಟೋ ಹೊಡೆಸಿಕೊಂಡ್ವಿ’ ಅಂತ ನಾನು ಯಾರ ಬಾಯಲ್ಲೂ ಕೇಳಿಲ್ಲ. ಅದು ಯಾವಾಗಲೂ ‘ತೆಗೆಸಿಕೊಂಡ್ವಿ’ ಅಥವಾ ‘ಹಿಡಿಸಿಕೊಂಡ್ವಿ’. ಆ ‘-ಸು’ನಲ್ಲಿ ಕ್ಯಾಮೆರಾ ಹಿಂದೆ ಇರೋ ಮನುಷ್ಯ ಇದ್ದಾನೆ. ಆ ‘ಕೊಳ್ಳು’ನಲ್ಲಿ ನಾವಾಗಿ ಹೋಗಿ ಕೂತೆವು, ನಮಗಾಗಿ ಕೂತೆವು ಅನ್ನೋದು ಇದೆ. ಪೋರ್ಟ್ರೇಟ್‌ಗೂ ಸ್ನ್ಯಾಪ್‌ಶಾಟ್‌ಗೂ ಇರೋ ವ್ಯತ್ಯಾಸ ಇದೇ. ಸ್ನ್ಯಾಪ್‌ಶಾಟ್ ಮೂಲದಲ್ಲಿ ಬೇಟೆಯವರ ಮಾತು, ಗುರಿ ಹಿಡಿಯದೆ ತಟ್ಟನೆ ಹಾರಿಸೋ ಗುಂಡು. ಅದು ನಮ್ಮ ‘ಹೊಡಿ’ಗೆ ಎಷ್ಟು ಹತ್ತಿರ ಇದೆ ನೋಡಿ.

ಒಂದು ಸಲ ನಾವು ಹದಿಮೂರು ಜನ ಹೀಗೆ ಕೂತಿದ್ದೆವು. ಹಾಳೆ ಫಿಲ್ಮ್ ಹಾಕುವ ಮರದ ಕ್ಯಾಮೆರಾ. ಫಿಲ್ಮಿನ ಹಾಳೆ ಉದ್ದ ಐದು ಇಂಚು, ಅಗಲ ನಾಲ್ಕು ಇಂಚು. ತೆಗೆಯುವವರು ಕರಿ ಮುಸುಕು ಹೊದ್ದು ಹಿಂದಿನ ಮಬ್ಬುಗಾಜಿನಲ್ಲಿ ತುಂಬಾ ಹೊತ್ತು ನೋಡಿದರು. ನನಗೂ ಕರೆದು ತೋರಿಸಿದರು: ಹನ್ನೆರಡು ಜನ ತಲೆಕೆಳಗಾಗಿ ನಿಂತಿದ್ದಾರೆ, ಎಡದಲ್ಲಿರೋ ಅಕ್ಕ ಬಲಕ್ಕೆ, ಮಧ್ಯದಲ್ಲಿ ನನ್ನ ಖಾಲಿ ಜಾಗ. ನಾನು ಓಡಿ ಹೋಗಿ ಆ ಜಾಗದಲ್ಲಿ ನಿಂತೆ. ಅವರು ಗಾಜಿನ ಮುಂದಕ್ಕೆ ಫಿಲ್ಮ್ ಹೋಲ್ಡರ್, ಅಂದರೆ ಫಿಲ್ಮ್ ಹಾಳೆ ಇಟ್ಟ ಚಪ್ಪಟೆ ಪೆಟ್ಟಿಗೆ, ತಳ್ಳಿದರು. ಅಲ್ಲಿಂದ ಮುಂದೆ ಅವರಿಗೆ ಕ್ಯಾಮೆರಾದಲ್ಲಿ ಏನೂ ಕಾಣಲ್ಲ. ಆದ್ದರಿಂದ ಮುಸುಕಿನಿಂದ ಹೊರಗೆ ಬಂದು, ಫೋಟೋ ತೆಗೆಯೋಕೆ ಒತ್ತುವ ತಂತಿ, ಅಂದರೆ ಕೇಬಲ್ ರಿಲೀಸ್, ಕೈಯಲ್ಲಿ ಹಿಡಿದು, ಕ್ಯಾಮೆರಾ ಪಕ್ಕ ನಿಂತು ನಮ್ಮನ್ನೇ ನೇರ ನೋಡಿದರು. “ಅಲುಗಬೇಡಿ” ಅಂದರು. ಒಂದು ಸೆಕೆಂಡು. ಅಜ್ಜಿ ಕಣ್ಣು ಮುಚ್ಚಿಬಿಟ್ಟರು. ಇನ್ನೊಂದು ಹಾಳೆ ಇತ್ತು, ಹೋಲ್ಡರಿನ ಎರಡು ಬದಿಗೂ ಒಂದೊಂದು ಹಾಳೆ ಇರುತ್ತೆ. ಎರಡನೆಯದರಲ್ಲಿ ಎಲ್ಲರೂ ಸರಿ ಬಂದೆವು. ಅಜ್ಜಿ ಮನೆಗೆ ಬಂದ ಮೇಲೆ ಅಂದದ್ದು, “ಅಂತೂ ಎಲ್ರೂ ಕೂತು ತೆಗೆಸಿಕೊಂಡ್ವಲ್ಲ.” ಅದರಲ್ಲಿ ಫೋಟೋ ಅನ್ನೋ ಪದವೂ ಇರಲಿಲ್ಲ.

ಒಂದು ಸೆಕೆಂಡು ಯಾಕೆ ಅಂತ ನಿಮ್ಮ ಕಾರ್ಡಿನಲ್ಲಿ ಒಂದು ಸಾಲು ಹಾಕಿ, ಜನ ಇಷ್ಟಪಟ್ಟು ಓದುತ್ತಾರೆ. ಮೂರು ಸಾಲಿನಲ್ಲೂ ಮುಖ ಸ್ಪಷ್ಟ ಬರಬೇಕಾದರೆ ಲೆನ್ಸಿನ ಕಿಂಡಿ ಕಿರಿದು ಮಾಡಬೇಕು. ಕಿಂಡಿಯ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಎಫ್ 8ರಲ್ಲಿ ಸೆಕೆಂಡಿನ ಎಂಟನೇ ಒಂದು ಪಾಲು ಸಾಕಾಗುವ ಬೆಳಕಿಗೆ ಎಫ್ 22ರಲ್ಲಿ ಪೂರ್ತಿ ಒಂದು ಸೆಕೆಂಡು ಬೇಕು. ಅಷ್ಟು ಹೊತ್ತು ನಗು ಹಿಡಿದು ನಿಲ್ಲೋದು ಕಷ್ಟ. ಸುಮ್ನೆ ಇರೋದು ಸುಲಭ. ಕಿಂಡಿ ಅಂತಲೇ ಬರೆಯಿರಿ. ‘ದ್ಯುತಿರಂಧ್ರ’ ಬೇಡ, ಬೋರ್ಡು ಓದೋರು ಪರೀಕ್ಷೆ ಬರೆಯೋಕೆ ಬಂದಿಲ್ಲ. ಎಕ್ಸ್‌ಪೋಶರ್ ಟೈಮ್‌ಗೆ ‘ಬೆಳಕು ಬೀಳುವ ಹೊತ್ತು’ ಸಾಕು.

> ‘ಬಿ’ ಎಂದರೆ ಬಲ್ಬ್: ದೀಪ

ಇದನ್ನು ಮಾತ್ರ ಖಂಡಿತ ತೆಗೆದುಹಾಕಿ. ನಾನೂ ಒಂದು ಕ್ಯಾಮೆರಾ ಕೈಪಿಡಿ ಅನುವಾದಿಸುವಾಗ ಇದೇ ತಪ್ಪು ಮಾಡಿದ್ದೆ. ಅಚ್ಚಾಗಿ ಹೋಯಿತು, ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತೆ. ‘ಬಿ’ ಅಂದರೆ ಕ್ಯಾಮೆರಾದ ಮೇಲೆ ವೇಗದ ಗುರುತುಗಳ ಜೊತೆ ಇರೋ ಅಕ್ಷರ. ಇಲ್ಲಿ ಬಲ್ಬ್ ಅಂದರೆ ದೀಪ ಅಲ್ಲ, ರಬ್ಬರ್ ಬುರುಡೆ. ಹಿಂದೆ ಬೆಳಕನ್ನು ತಡೆದು ಬಿಡುವ ಬಾಗಿಲಿನಂಥ ಷಟರ್‌ಗೆ ಉದ್ದ ಕೊಳವೆ ಕಟ್ಟಿ, ತುದಿಯ ರಬ್ಬರ್ ಬುರುಡೆ ಹಿಸುಕುತ್ತಿದ್ದರು. ಗಾಳಿ ಹೋಗಿ ಷಟರ್ ತೆರೆಯುತ್ತಿತ್ತು, ಹಿಸುಕಿ ಹಿಡಿದಷ್ಟು ಹೊತ್ತು ತೆರೆದೇ ಇರುತ್ತಿತ್ತು. ಆ ಬುರುಡೆ ಹೋಗಿ ‘ಬಿ’ ಉಳಿಯಿತು. ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುತ್ತೆ ಅಂತ ಬಿಡಿಸಿ ಬರೆಯಿರಿ.

> ಡೆವಲಪ್‌ಗೆ ‘ತೊಳೆ’ ಅವೈಜ್ಞಾನಿಕ, ‘ಸಂಸ್ಕರಣೆ’ ಬಳಸಿ

‘ರೀಲು ತೊಳೆಸೋಕೆ ಕೊಟ್ಟಿದ್ದೀನಿ’ ಅಂತ ಒಂದಿಡೀ ತಲೆಮಾರು ಹೇಳಿದೆ. ನೀರಲ್ಲಿ ತೊಳೆಯೋದು ಚಿತ್ರ ಮೂಡಿಸೋ ಡೆವಲಪರ್, ಅದನ್ನು ಉಳಿಸೋ ಫಿಕ್ಸರ್, ಈ ಎರಡು ರಾಸಾಯನಿಕಗಳೂ ಆದ ಮೇಲಿನ ಹಂತ ಅನ್ನೋದು ನಿಜ. ಆದರೆ ಒಂದು ಹಂತದ ಹೆಸರು ಇಡೀ ಕೆಲಸಕ್ಕೆ ಆಗೋದು ಭಾಷೆಯಲ್ಲಿ ದಿನಾ ನಡೆಯುತ್ತೆ. ‘ಊಟಕ್ಕೆ ಎಲೆ ಹಾಕಿದೆ’ ಅಂದರೆ ಬರೀ ಎಲೆ ತಿನ್ನಿ ಅಂತಲ್ಲ. ಸಂಸ್ಕರಣೆ ಆಹಾರಕ್ಕೆ, ಕಸಕ್ಕೆ ಇರಲಿ. ಒಂದು ಎಚ್ಚರ: ನಿಮ್ಮದು ಹಾಳೆ ಫಿಲ್ಮ್ ಆದರೆ ‘ರೀಲು’ ಅನ್ನಬೇಡಿ, ಅದು ಸುತ್ತಿದ್ದಕ್ಕೆ ಮಾತ್ರ. ಸುತ್ತಿ ಬರುವ 120 ಫಿಲ್ಮ್ ಆದರೆ ರೀಲು ಸರಿ.

ಇನ್ನು ಫೋಟೋಗೆ ಬದಲಾಗಿ ಸೂಚಿಸಿದ ‘ನೆರಳುತಿಟ್ಟ’.

ಇದನ್ನು ಸೂಚಿಸಿದವರು ಮೂರು ಪತ್ರ ಬರೆದು, ಫೋಟೋ ಅನ್ನೋರಿಗೆ ನುಡಿಯ ಮೇಲೆ ಒಲವಿಲ್ಲ ಅಂದಿದ್ದಾರೆ. ನನಗೆ ಇದರಿಂದ ನೋವಾಗಿದೆ, ಮುಚ್ಚಿಡಲ್ಲ. ಹೊಸ ಪದ ಕಟ್ಟೋದು ಒಳ್ಳೇ ಕೆಲಸ, ಸಂಸ್ಕೃತದ ‘ಛಾಯೆ’ಗೆ ಬದಲು ‘ನೆರಳು’ ಹಾಕಿದ್ದರ ಹಿಂದಿನ ಕಳಕಳಿ ನನಗೆ ಅರ್ಥವಾಗುತ್ತೆ. ಆದರೆ ಬೋರ್ಡು ನೋಡಿ ಒಬ್ಬ ಅಜ್ಜಿ ‘ಇದೇನು’ ಅಂತ ಮೊಮ್ಮಗನನ್ನು ಕೇಳೋ ಹಾಗಾದರೆ ಆ ಪದ ಆ ಬೋರ್ಡಿಗೆ ಬೇಡ. ಫೋಟೋ ಆ ಅಜ್ಜಿಯದೇ ಪದ. ಫೋಟೋಗೆ, ಫೋಟೋದಲ್ಲಿ, ಫೋಟೋದವನು ಅಂತ ಕನ್ನಡದ ಪ್ರತ್ಯಯ ಎಲ್ಲವನ್ನೂ ಹೊತ್ತುಕೊಂಡು ಓಡಾಡ್ತಾ ಇದೆ.

ಎರವಲು ಬೇಡವೇ ಬೇಡ ಅಂದರೆ ಎಲ್ಲಿ ನಿಲ್ಲಿಸ್ತೀರಿ? ಅಜ್ಜಿ ಕೂತ ಕುರ್ಚಿ ಅರಬ್ಬಿಯಿಂದ ಬಂದದ್ದು. ಫೋಟೋ ಜೋಪಾನ ಮಾಡಿಟ್ಟ ಅಲಮಾರು ಪೋರ್ಚುಗೀಸಿನದು, ಅದರ ಚಾವಿಯೂ ಅಲ್ಲಿಯದೇ. ಫೋಟೋ ಬರೋ ಮುಂಚೆ ಚಿತ್ರಕ್ಕೆ ತಸಬೀರು ಅನ್ನುತ್ತಿದ್ದದ್ದೂ ಅರಬ್ಬಿ ಮೂಲದ್ದೇ. ಕ್ಯಾಮೆರಾ ಲ್ಯಾಟಿನ್‌ನಲ್ಲಿ ಕೋಣೆ. ಹಿಂದಿಯ ‘ಕಮರಾ’ ಕೂಡ ಪೋರ್ಚುಗೀಸಿನ ಮೂಲಕ ಅದೇ ಬೇರಿನಿಂದ ಬಂದದ್ದು. ಇಂಗ್ಲಿಷಿನವರೂ ಈ ಪದಗಳನ್ನು ಮನೆಯಲ್ಲಿ ಹೆತ್ತಿಲ್ಲ. 1839ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ‘ಫೋಟೋಗ್ರಫಿ’ಯನ್ನು ಬಳಕೆಗೆ ತಂದಾಗ ಎರಡು ಗ್ರೀಕ್ ಪದ ಜೋಡಿಸಿದ, ಬೆಳಕು ಮತ್ತು ಬರೆಯೋದು. ಮರುವರ್ಷ ನೆಗೆಟಿವ್, ಪಾಸಿಟಿವ್ ಅನ್ನೋ ಪದಗಳನ್ನು ಕೊಟ್ಟವನೂ ಅವನೇ. ಅವರಿಗೆ ಗ್ರೀಕಿನಿಂದ ತರಬಹುದಾದರೆ ನಮಗೆ ಅವರಿಂದ ತರೋಕೆ ಏನಡ್ಡಿ? ನೆಗೆಟಿವ್‌ಗೆ ‘ಋಣಚಿತ್ರ’ ಅಂದವರಿಗೂ ಇದೇ ಉತ್ತರ. ಋಣ ಅಂದರೆ ಜನಕ್ಕೆ ಸಾಲ.

ವಸ್ತುವಿನ ಹೆಸರು ಹೊರಗಿನಿಂದ ಬರಲಿ, ವಸ್ತುವೇ ಹೊರಗಿನಿಂದ ಬಂದಿದೆ. ಮಾಡೋ ಕೆಲಸದ ಮಾತು ಕೈ ತಪ್ಪದ ಹಾಗೆ ನೋಡಿಕೊಳ್ಳೋಣ. ‘ಫೋಟೋಶೂಟ್ ಮಾಡಿಸಿ’ ಅಂತ ಬೋರ್ಡು ಬರೆದರೆ ನನಗೆ ಕೋಪ ಬರುತ್ತೆ, ‘ಫೋಟೋ’ಗಲ್ಲ, ‘ತೆಗೆಸಿಕೊಳ್ಳು’ ಹೋಯಿತಲ್ಲ ಅಂತ.

ಕಾರ್ಡಿಗೆ ಬೇಕಾದ ಉಳಿದವು: ಗ್ರೌಂಡ್ ಗ್ಲಾಸ್‌ಗೆ ಮಬ್ಬುಗಾಜು, ಡಾರ್ಕ್ ಕ್ಲಾತ್‌ಗೆ ಕರಿ ಮುಸುಕು. ಕೇಬಲ್ ರಿಲೀಸ್, ಫಿಲ್ಮ್ ಹೋಲ್ಡರ್ ಹಾಗೇ ಇರಲಿ. ಪೋಸ್ ಕೊಡಿ ಅನ್ನಬೇಡಿ, ಕನ್ನಡದಲ್ಲಿ ಅದಕ್ಕೆ ಜಂಬದ ವಾಸನೆ ಇದೆ. ‘ಹೀಗೆ ಕೂರಿ’ ಸಾಕು. ಫಿಲ್ಮ್ ತೊಳೆಯೋ ಡಾರ್ಕ್‌ರೂಮ್‌ಗೆ ‘ಕತ್ತಲೆ ಕೋಣೆ’ ಹಾಕಿದರೆ, ಕ್ಯಾಮೆರಾ ಅಬ್‌ಸ್ಕ್ಯೂರಾದ ಚಿತ್ರದ ಕೆಳಗೂ ಅದನ್ನೇ ಹಾಕಬೇಡಿ. ಅದು ಸಣ್ಣ ತೂತಿನಿಂದ ಬಂದ ಬೆಳಕು ಒಳಗೆ ಹೊರಗಿನ ಚಿತ್ರ ಮೂಡಿಸೋ ಹಳೇ ಸಾಧನ, ಆ ಹೆಸರಿನ ಅರ್ಥವೂ ಕತ್ತಲೆ ಕೋಣೆಯೇ, ಓದೋರಿಗೆ ಗಲಿಬಿಲಿ ಆಗುತ್ತೆ.

ಕೊನೇದಾಗಿ, ಅಚ್ಚಿಗೆ ಕೊಡುವ ಮುಂಚೆ ಕರಡು ನೀವೇ ನೋಡಿ. ‘ತೆಗೆಸಿಕೊಳ್ಳಿ’ಯನ್ನು ತಪ್ಪು ಅಂದುಕೊಂಡು ‘ತೆಗೆದುಕೊಳ್ಳಿ’ ಅಂತ ತಿದ್ದಿಬಿಡೋರು ಇದ್ದಾರೆ. ಹಾಗಾದರೆ ಬಂದವರು ಮೊಬೈಲ್ ತೆಗೆದು ಕ್ಯಾಮೆರಾದ ಮುಂದೆ ನಿಂತು ತಾವೇ ಫೋಟೋ ತೆಗೆದುಕೊಂಡು ಹೋಗುತ್ತಾರೆ.